ಗುಂಡಿ ಹಾಕಿಕೊಳ್ಳುವಷ್ಟು ಹೊತ್ತು

2012ರ ಆಷಾಢದಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆಯರ ತರಬೇತಿಗೆ ಹೊರಟಾಗ ನಮ್ಮ ಅತ್ತೆ ಹೊಸಿಲಲ್ಲಿ ನಿಂತು ಕೇಳಿದರು: “ಹೆತ್ತು ಸಾಕುತ್ತಿರುವವಳಿಗೆ ಮಕ್ಕಳನ್ನು ನೋಡಿಕೊಳ್ಳುವುದನ್ನು ಇನ್ನೊಬ್ಬರು ಹೇಳಿಕೊಡಬೇಕೇನಮ್ಮ?” ಆರು ಹೆತ್ತು ನಾಲ್ಕನ್ನು ಉಳಿಸಿಕೊಂಡ ಜೀವ ಅದು. ಮಾತಿನಲ್ಲಿ ಕೊಂಕಿರಲಿಲ್ಲ, ನಿಜವಾದ ಅಚ್ಚರಿಯಿತ್ತು. ನನ್ನ ಬಳಿ ಉತ್ತರವಿರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ಅದೇ ಊರಿನ ಸೊಸೆಯಾಗಿದ್ದೆ, ಕೆಲಸ ಸಿಕ್ಕಿತ್ತು. ತರಬೇತಿಯೆಂದರೆ ರಿಜಿಸ್ಟರ್ ತುಂಬುವುದನ್ನು ಕಲಿಸುತ್ತಾರೆ ಎಂದಷ್ಟೇ ತಿಳಿದುಕೊಂಡಿದ್ದೆ. ಮೂರು ವರ್ಷದ ಮಗಳನ್ನು ತವರಿನಲ್ಲಿ ಅಮ್ಮನ ಮಡಿಲಿಗೆ ಹಾಕಿ, ಒಂದು ಚೀಲ, ಒಂದು ಹೊದಿಕೆ ಹಿಡಿದು ತುಮಕೂರಿನ ಬಸ್ ಹತ್ತಿದೆ.

26 ಕೆಲಸದ ದಿನಗಳ ತರಬೇತಿ. ಭಾನುವಾರಗಳನ್ನು ಸೇರಿಸಿದರೆ ಒಂದು ತಿಂಗಳು, ಅಲ್ಲಿಯೇ ಊಟ, ಅಲ್ಲಿಯೇ ವಸತಿ. ಮೂವತ್ತು ಚಿಲ್ಲರೆ ಹೆಂಗಸರು, ಎರಡು ಉದ್ದನೆಯ ಕೋಣೆಗಳು. ಮೊದಲ ರಾತ್ರಿ ಯಾರಿಗೂ ನಿದ್ದೆ ಬರಲಿಲ್ಲ. ಪಕ್ಕದ ಚಾಪೆಯವಳು ಏಳು ತಿಂಗಳ ಕೂಸನ್ನು ಬಿಟ್ಟು ಬಂದಿದ್ದಳು. ನಡುರಾತ್ರಿಯ ಹೊತ್ತಿಗೆ ಅವಳ ಎದೆಹಾಲು ಕಟ್ಟಿ ಮೈ ಕೆಂಡವಾಗಿತ್ತು. ಬೆಳಗ್ಗೆ ವಿಷಯ ತಿಳಿದ ಕೂಡಲೇ ನಮ್ಮ ಬೋಧಕಿ, ಮೇಡಂ ಎಂದಷ್ಟೇ ನಾವು ಅವರನ್ನು ಕರೆಯುತ್ತಿದ್ದದ್ದು, ಅವಳ ಮನೆಗೆ ಫೋನ್ ಮಾಡಿ ಕೂಸನ್ನೂ ಜೊತೆಗೆ ಅದರ ಅಜ್ಜಿಯನ್ನೂ ಕರೆಸಿಕೊಂಡರು. ಆ ಕೂಸೇ ನಮ್ಮ ಮೊದಲ ಪಾಠವಾಯಿತು. ಏಳು ತಿಂಗಳಿಗೆ ಅದು ಆಸರೆಯಿಲ್ಲದೆ ಎಷ್ಟು ಹೊತ್ತು ಕೂರುತ್ತದೆ, ಬಲಗೈಯ ಚಮಚವನ್ನು ಎಡಗೈಗೆ ಹೇಗೆ ದಾಟಿಸುತ್ತದೆ, ಅಪರಿಚಿತ ಮುಖ ಕಂಡರೆ ಮೊದಲು ಯಾರ ಕಡೆ ತಿರುಗುತ್ತದೆ. ಇವನ್ನೆಲ್ಲ ನಾನು ನನ್ನ ಮಗಳಲ್ಲಿ ಕಂಡಿದ್ದೆನೇ? ಅವಳು ಕೂತದ್ದು ನೆನಪಿತ್ತು. ಕೂರುವುದಕ್ಕೆ ಮೊದಲು ಎಷ್ಟು ದಿನ ಯಾವ ಕಡೆಗೆ ವಾಲುತ್ತಿದ್ದಳು ಎಂಬುದು ನೆನಪಿರಲಿಲ್ಲ. ಅತ್ತೆಯ ಪ್ರಶ್ನೆಗೆ ಉತ್ತರದ ಮೊದಲ ಎಳೆ ಅಲ್ಲಿ ಸಿಕ್ಕಿತು. ಸಾಕುವುದು ಬೇರೆ, ನೋಡುವುದು ಬೇರೆ.

ಮೊದಲ ವಾರವೆಲ್ಲ ಬರೆಯುವ ಕೆಲಸ. ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಆರು ಸೇವೆಗಳನ್ನು ಬಾಯಿಪಾಠ ಮಾಡಿದೆವು: ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಅಗತ್ಯವಿದ್ದವರನ್ನು ಆಸ್ಪತ್ರೆಗೆ ಕಳುಹಿಸುವುದು, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ಪೌಷ್ಟಿಕತೆ ಮತ್ತು ಆರೋಗ್ಯದ ತಿಳಿವಳಿಕೆ. ಒಂದು ಮಗುವಿಗೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಸಿಗುವಂತೆ ಆಹಾರ ಕೊಡಬೇಕು ಎಂದು ಬರೆದುಕೊಂಡೆವು. ಮಧ್ಯಾಹ್ನ ಬೆಂಕಿಪೊಟ್ಟಣ, ಒಡೆದ ಬಳೆ, ತೆಂಗಿನ ಚಿಪ್ಪು, ಹಳೆಯ ಸೀರೆಯ ಅಂಚುಗಳಿಂದ ಗೊಂಬೆ, ಮುಖವಾಡ, ಗಿಲಕಿ ಮಾಡುವುದು. ಸಂಜೆ ಅಭಿನಯ ಗೀತೆ. ನಾವೆಲ್ಲ ಕೈ ಬೀಸಿ ಆನೆಯಾಗಿ, ಮೊಲವಾಗಿ ಕುಣಿದೆವು. ಮದುವೆಯಾದ ಮೇಲೆ ಹಾಗೆ ಕುಣಿದದ್ದು ಅದೇ ಮೊದಲು.

ಎರಡನೇ ವಾರ ನಮ್ಮನ್ನು ಹತ್ತಿರದ ಒಂದು ಅಂಗನವಾಡಿಗೆ ಕರೆದೊಯ್ದರು. ಕೊಟ್ಟ ಕೆಲಸ ಕೇಳುವುದಕ್ಕೆ ಹಗುರ. ಒಂದು ಮಗುವನ್ನು ಆರಿಸಿಕೊಳ್ಳಬೇಕು, ಅದರ ಹತ್ತಿರ ಅರ್ಧ ಗಂಟೆ ಮಾತಾಡದೆ ಕೂರಬೇಕು, ಕಂಡದ್ದನ್ನು ಮಾತ್ರ ಬರೆಯಬೇಕು. ನಾನು ಬರೆದ ಮೊದಲ ಸಾಲು ಹೀಗಿತ್ತು: “ಹುಡುಗ ಹಠಮಾರಿ, ಯಾರ ಜೊತೆಯೂ ಸೇರುವುದಿಲ್ಲ.” ಮೇಡಂ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. “ಹಠ ನಿಮ್ಮ ಕಣ್ಣಿಗೆ ಕಂಡಿತೇನಮ್ಮ? ಅದು ನಿಮ್ಮ ತೀರ್ಪು. ಅವನು ಏನು ಮಾಡಿದ, ಅದನ್ನು ಬರೆಯಿರಿ.” ಮರಳಿ ಹೋಗಿ ಕೂತೆ. ಮೂರೂವರೆ ವರ್ಷದ ಹುಡುಗ, ಅಣ್ಣನ ಹಳೆಯ ಅಂಗಿ ತೊಟ್ಟಿದ್ದ. ಗೋಡೆಗೆ ಒರಗಿ, ನಾಲಿಗೆಯ ತುದಿಯನ್ನು ತುಟಿಯ ಮೂಲೆಗೆ ತಂದು, ಅಂಗಿಯ ಗುಂಡಿ ಹಾಕಿಕೊಳ್ಳಲು ಹೆಣಗುತ್ತಿದ್ದ. ಗುಂಡಿಯನ್ನು ಕಾಜಾದ ಹತ್ತಿರ ತಂದು ಹೆಬ್ಬೆರಳಿನಿಂದ ಒತ್ತುತ್ತಿದ್ದ. ಅದು ಜಾರುತ್ತಿತ್ತು. ಮತ್ತೆ ತರುತ್ತಿದ್ದ. ನೋಡಿ ನೋಡಿ ನನ್ನ ಕೈ ತಡೆಯಲಿಲ್ಲ. ಬಗ್ಗಿ ಒಂದೇ ಚಿಟಿಕೆಯಲ್ಲಿ ಗುಂಡಿ ಹಾಕಿಬಿಟ್ಟೆ.

ಹುಡುಗ ನನ್ನ ಮುಖ ನೋಡಿದ. ಆಮೇಲೆ ತಲೆ ತಗ್ಗಿಸಿ, ನಾನು ಹಾಕಿದ ಗುಂಡಿಯನ್ನು ಬಿಚ್ಚಿ, ಮೊದಲಿನಿಂದ ಶುರುಮಾಡಿದ.

ಮೇಡಂ ದೂರದಿಂದ ಇದನ್ನು ಕಂಡಿದ್ದರು. ಎಲ್ಲರೆದುರು ಏನೂ ಹೇಳಲಿಲ್ಲ. ಸಂಜೆ ಕಾಫಿ ಹೊತ್ತಿನಲ್ಲಿ ಕರೆದು, “ಅವನು ಮೂರು ನಿಮಿಷದಿಂದ ಆ ಕೆಲಸದಲ್ಲಿದ್ದ. ಮೂರು ನಿಮಿಷ ಒಂದೇ ಕೆಲಸದ ಮೇಲೆ ಮನಸ್ಸಿಟ್ಟ ಮಗುವಿನ ಕೈಯಿಂದ ನೀವು ಅದನ್ನು ಕಸಿದುಕೊಂಡಿರಿ. ಅವನು ತನ್ನ ಕೆಲಸವನ್ನು ವಾಪಸ್ ತೆಗೆದುಕೊಂಡ, ಅದು ನಿಮ್ಮ ಪುಣ್ಯ. ಎಷ್ಟೋ ಮಕ್ಕಳು ಬಿಟ್ಟುಬಿಡುತ್ತವೆ” ಎಂದರು. ಆ ರಾತ್ರಿಯೂ ನನಗೆ ನಿದ್ದೆ ಬರಲಿಲ್ಲ. ಮಗಳಿಗೆ ನಾನು ಹಾಕಿದ ಗುಂಡಿಗಳು, ಬಾಯಿಗೆ ಇಟ್ಟ ತುತ್ತುಗಳು, ಅವಳು ಕೇಳುವ ಮೊದಲೇ ಎತ್ತಿ ಕೊಟ್ಟ ನೀರಿನ ಲೋಟಗಳು ಲೆಕ್ಕಕ್ಕೆ ಬರುತ್ತಲೇ ಹೋದವು. ಅದೆಲ್ಲ ಪ್ರೀತಿಯೇ, ಅನುಮಾನವಿಲ್ಲ. ಆದರೆ ಅದರಲ್ಲಿ ನನ್ನ ಅವಸರ ಎಷ್ಟಿತ್ತು?

ಮರುದಿನ ಮೇಡಂ ಒಂದು ಮರದ ಚೌಕಟ್ಟು ತಂದರು. ಹಳೆಯ ಷರಟಿನ ಮುಂಭಾಗವನ್ನು ಕತ್ತರಿಸಿ ಎರಡು ಪಟ್ಟಿಗಳಾಗಿ ಅದಕ್ಕೆ ಹೊಡೆದಿದ್ದರು. ನಡುವೆ ಐದು ದೊಡ್ಡ ಗುಂಡಿಗಳು. ಪ್ರತಿಯೊಬ್ಬರೂ ಅಂಥದ್ದೊಂದನ್ನು ಮಾಡಬೇಕು ಎಂದು ಸೂಜಿ ದಾರ ಕೊಟ್ಟು, ಹೊಲಿಯುವಾಗ ಕಥೆ ಹೇಳಿದರು. 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಮರಿಯಾ ಮಾಂಟೆಸ್ಸರಿ ಎಂಬ ವೈದ್ಯೆ ಕೂಲಿಕಾರರ ಮಕ್ಕಳಿಗಾಗಿ ಒಂದು ಮನೆ ತೆರೆದದ್ದು; ಗುಂಡಿ, ಕೊಕ್ಕೆ, ಲಾಡಿಗಳ ಚೌಕಟ್ಟುಗಳನ್ನು ಮಕ್ಕಳ ಕೈಗೆ ಕೊಟ್ಟು ತಾವು ಪಕ್ಕಕ್ಕೆ ಸರಿದು ನಿಂತದ್ದು; 1939ರಲ್ಲಿ ಅವರು ಮದರಾಸಿಗೆ ಬಂದದ್ದು, ಯುದ್ಧ ಶುರುವಾಗಿ, ಇಟಲಿಯವರೆಂಬ ಕಾರಣಕ್ಕೆ ವರ್ಷಗಟ್ಟಲೆ ಇಲ್ಲಿಯೇ ಉಳಿಯಬೇಕಾಗಿ ಬಂದು, ಆ ವರ್ಷಗಳಲ್ಲಿ ನಮ್ಮ ದೇಶದ ನೂರಾರು ಶಿಕ್ಷಕರಿಗೆ ಪಾಠ ಹೇಳಿದ್ದು. ಅದಕ್ಕೂ ಮೊದಲೇ, 1920ರಲ್ಲಿ, ಗುಜರಾತಿನ ಭಾವನಗರದಲ್ಲಿ ವಕೀಲಿ ಬಿಟ್ಟ ಗಿಜುಭಾಯಿ ಬಧೇಕಾ ಬಾಲಮಂದಿರ ತೆರೆದಿದ್ದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದ ಕಡಲತೀರದ ಬೋರ್ಡಿಗೆ ಹೋಗಿ, ಶಾಲೆಗೆ ಬರಲಾರದ ಮಕ್ಕಳ ಮನೆಯಂಗಳಕ್ಕೇ ಶಾಲೆಯನ್ನು ಒಯ್ದರು. ಅಂಗಳದ ವಾಡಿ, ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಯೋಜನೆ ಶುರುವಾದಾಗ ನಮ್ಮ ರಾಜ್ಯದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ, 100 ಕೇಂದ್ರಗಳೊಂದಿಗೆ. ನನ್ನ ಕೈಯಲ್ಲಿದ್ದ ಹರಿದ ಷರಟಿನ ತುಂಡಿಗೆ ಇಷ್ಟು ಉದ್ದದ ವಂಶಾವಳಿ ಇದೆಯೆಂದು ತಿಳಿದಾಗ ಹೊಲಿಗೆ ಹಾಕುವ ಕೈ ಒಂದು ಕ್ಷಣ ನಿಂತಿತು. ನಾನು ಸೇರಿದ್ದು ಊರಿನ ಒಂದು ಸಣ್ಣ ಕೆಲಸಕ್ಕಲ್ಲ ಎಂದು ಅನ್ನಿಸಿದ್ದು ಅಂದೇ.

ಹಾಗೆಂದು ಕೈ ತಡೆಯುವುದೇ ಈ ಕೆಲಸದ ಎಲ್ಲವೂ ಅಲ್ಲ. ತೂಕದ ಪಾಠ ಬಂದಾಗ ಅದು ಗೊತ್ತಾಯಿತು. ಆಗ ಇದ್ದದ್ದು ತೊಲೆಗೆ ನೇತುಹಾಕುವ ಗಡಿಯಾರದಂಥ ತಕ್ಕಡಿ. ಮುಳ್ಳು ಸೊನ್ನೆಗೆ ಬಂದಿದೆಯೇ ನೋಡಬೇಕು, ಮಗುವಿನ ದಪ್ಪ ಬಟ್ಟೆ ಬಿಚ್ಚಬೇಕು, ಮುಳ್ಳಿನ ಮಟ್ಟಕ್ಕೆ ನಮ್ಮ ಕಣ್ಣು ತಂದು ಓದಬೇಕು. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಉದ್ದ ಅಳೆಯಬೇಕು, ಅದಕ್ಕಿಂತ ದೊಡ್ಡವರನ್ನು ನಿಲ್ಲಿಸಿ. ತೋಳಿನ ಸುತ್ತಳತೆ 12.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಎಚ್ಚರ, 11.5ಕ್ಕಿಂತ ಕಡಿಮೆಯಿದ್ದರೆ ಒಂದು ದಿನವೂ ತಡಮಾಡುವಂತಿಲ್ಲ. ಎಲ್ಲಕ್ಕಿಂತ ಕಷ್ಟದ್ದು ವಯಸ್ಸು. “ಗೌರಿ ಹಬ್ಬದ ಮುಂದಿನ ವಾರ ಹುಟ್ಟಿತು”, “ತೇರಿನ ದಿನ ಬೆಳಗಿನ ಜಾವ”, “ಕಡಲೆಕಾಯಿ ಕೀಳುವಾಗ” ಎನ್ನುವ ತಾಯಂದಿರ ಮಾತಿನಿಂದ ತಿಂಗಳು ತೆಗೆಯಲು ಊರಿನ ಹಬ್ಬ, ಜಾತ್ರೆ, ಬೆಳೆಗಳದ್ದೇ ಒಂದು ಕ್ಯಾಲೆಂಡರ್ ಬರೆದುಕೊಳ್ಳುವುದನ್ನು ಕಲಿಸಿದರು. ವಯಸ್ಸು ಎರಡು ತಿಂಗಳು ತಪ್ಪಿದರೆ, ಬೆಳವಣಿಗೆಯ ನಕ್ಷೆಯಲ್ಲಿ ತೂಕ ಕಡಿಮೆಯೆನ್ನುವ ಹಳದಿಯಲ್ಲಿರಬೇಕಾದ ಚುಕ್ಕಿ ತೂಕ ಸರಿಯಿದೆಯೆನ್ನುವ ಹಸಿರಿಗೆ ಹೋಗಿ ಕೂರುತ್ತದೆ. ಒಂದು ಚುಕ್ಕಿ ಹೇಳುವುದು ಕಡಿಮೆ, ತಿಂಗಳು ತಿಂಗಳ ಚುಕ್ಕಿಗಳನ್ನು ಸೇರಿಸಿದ ಗೆರೆ ಯಾವ ಕಡೆ ಹೊರಟಿದೆ ನೋಡಿ ಎನ್ನುತ್ತಿದ್ದರು ಮೇಡಂ.

ಆ ಪಾಠಕ್ಕೆ ನಾನು ಋಣಿಯಾಗಿರುವುದು ಒಂದು ಹೆಣ್ಣುಮಗುವಿನ ಕಾರಣಕ್ಕೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಹುಣಸೆ ಕಾಲ. ನಮ್ಮ ಕಡೆ ಆ ತಿಂಗಳುಗಳಲ್ಲಿ ಹೆಂಗಸರೆಲ್ಲ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಕೂಲಿಗೆ ಹೋಗುತ್ತಾರೆ. ಎರಡು ವರ್ಷ ಎರಡು ತಿಂಗಳ ಆ ಮಗುವನ್ನು ತಾಯಿ ಪಕ್ಕದಲ್ಲೇ ಕೂರಿಸಿಕೊಂಡು ಕೆಲಸ ಮಾಡುತ್ತಿದ್ದಳು. “ನನ್ನ ಮಗಳು ಬಂಗಾರ, ಕೂರಿಸಿದ ಕಡೆ ಕೂರುತ್ತಾಳೆ, ಒಂದು ದಿನ ಗಲಾಟೆಯಿಲ್ಲ” ಎಂದಳು. ಊರಿನವರೂ ಹಾಗೆಯೇ ಹೊಗಳುತ್ತಿದ್ದರು. ಆ ವಯಸ್ಸಿನ ಮಗು ಕೂರಿಸಿದ ಕಡೆ ಕೂತಿರುವುದನ್ನು ಕಂಡು ನನ್ನ ಎದೆ ಝಲ್ಲೆಂದಿತು. ತರಬೇತಿಗೆ ಹೋಗದಿದ್ದರೆ ನಾನೂ ಹೊಗಳುತ್ತಿದ್ದೆ. ತೂಕ 7 ಕಿಲೋ 800 ಗ್ರಾಂ, ತೋಳಿನ ಪಟ್ಟಿ 11.3. ಹುಣಸೆಯ ಕೂಲಿ ಬಿಟ್ಟು ಹದಿನಾಲ್ಕು ದಿನ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಉಳಿಯುವುದೆಂದರೆ ಅವಳಿಗೆ ವರ್ಷದ ಆದಾಯದ ದೊಡ್ಡ ಪಾಲು ಬಿಟ್ಟಂತೆ. ತಾಯಿಯ ಕೂಲಿ ನಷ್ಟಕ್ಕೆ ಅಲ್ಲಿ ಪರಿಹಾರ ಕೊಡುತ್ತಾರೆಂದು ಹೇಳಿದೆ, ನಂಬಲಿಲ್ಲ. ಮೂರು ಸಂಜೆ ಅವರ ಮನೆಯ ಜಗಲಿಯಲ್ಲಿ ಕೂತೆ. ಮೂರನೆಯ ಸಂಜೆ ಅವಳ ಅತ್ತೆಯೇ ಎದ್ದು, “ನಡಿಯಮ್ಮ, ಹುಣಸೆ ನಾನು ಕುಟ್ಟುತ್ತೇನೆ” ಎಂದರು. ಹದಿನಾಲ್ಕು ದಿನದ ಮೇಲೆ ಎಂಟೂವರೆ ಕಿಲೋ ಆಗಿ ಬಂದ ಆ ಮಗು ಒಂದು ತಿಂಗಳ ಬಳಿಕ ನನ್ನ ಕೇಂದ್ರದ ಅಕ್ಕಿ ಡಬ್ಬಿಯನ್ನು ಉರುಳಿಸಿ, ಚೆಲ್ಲಿದ ಅಕ್ಕಿಯ ಮೇಲೆ ಕೂತು ಕೇಕೆ ಹಾಕಿತು. ಸಹಾಯಕಿ ಓಡಿ ಬಂದಳು. ನಾನು ಅವಳನ್ನು ತಡೆದು, ನಿಂತು ನೋಡಿದೆ. ಕಣ್ಣು ತುಂಬಿ ಬಂದಿತ್ತು.

ಯಾವಾಗ ಕೈ ಚಾಚಬೇಕು, ಯಾವಾಗ ತಡೆಯಬೇಕು? ಈ ವೃತ್ತಿ ಇಷ್ಟೂ ವರ್ಷ ನನ್ನನ್ನು ಕೇಳುತ್ತಿರುವುದು ಈ ಒಂದೇ ಪ್ರಶ್ನೆ. ಮಗುವನ್ನು ಪ್ರೀತಿಸುವವರೆಲ್ಲರಿಗೂ ಇದರ ಉತ್ತರ ತಾನಾಗಿ ಬರುವುದಿಲ್ಲ ಎಂಬುದನ್ನು ನನ್ನ ಮಗಳೇ ನನಗೆ ತೋರಿಸಿದಳು.

ತರಬೇತಿಯ ದಿನಗಳಲ್ಲಿ ಪ್ರತಿ ಸಂಜೆ ಅಮ್ಮನಿಗೆ ಫೋನ್ ಮಾಡುತ್ತಿದ್ದೆ. ಮೊದಮೊದಲು ಮಗಳು ಅಳುತ್ತಿದ್ದಳು. ಎರಡನೇ ವಾರದಿಂದ ಫೋನಿಗೆ ಬರಲು ಒಲ್ಲೆ ಎಂದಳು. ತಿಂಗಳು ಮುಗಿಸಿ ತವರಿನ ಅಂಗಳಕ್ಕೆ ಕಾಲಿಟ್ಟಾಗ ಅವಳು ಓಡಿ ಬರಲಿಲ್ಲ. ಅಜ್ಜಿಯ ಸೀರೆಯ ಹಿಂದೆ ನಿಂತು, ಎಂಟು ತಿಂಗಳ ಕೂಸು ಅಪರಿಚಿತರನ್ನು ನೋಡುವಂತೆ ನೋಡಿದಳು. ನಾನು ಬರೆದುಕೊಂಡ ಟಿಪ್ಪಣಿಯಲ್ಲಿ ಇದು ಇತ್ತು: ಅಗಲಿಕೆಯ ನೋವುಂಡ ಮಗು ಮರಳಿ ಬಂದವರಿಂದ ಸ್ವಲ್ಪ ದಿನ ದೂರ ನಿಲ್ಲಬಹುದು, ಒತ್ತಾಯಿಸಿ ಎತ್ತಿಕೊಳ್ಳಬೇಡಿ. ಟಿಪ್ಪಣಿ ಬರೆಯುವಾಗ ಅಕ್ಷರ ದುಂಡಗಿದ್ದವು. ಅಂಗಳದಲ್ಲಿ ನಿಂತಾಗ ಕಾಲು ನಡುಗಿತು. ಕೈ ಕಟ್ಟಿಕೊಂಡು ಜಗಲಿಯ ಮೇಲೆ ಕೂತೆ. ಅವಳು ಅಡುಗೆ ಮನೆಗೆ ಹೋದಳು, ಮಣೆಯೊಂದನ್ನು ಎಳೆದು ಅದರ ಮೇಲೆ ಹತ್ತಿ, ಹಂಡೆಯಿಂದ ಲೋಟದಲ್ಲಿ ನೀರು ಮೊಗೆದು, ಅರ್ಧ ಚೆಲ್ಲಿ, ಉಳಿದದ್ದನ್ನು ಕುಡಿದಳು. ಮಂಡಿ ನೋವಿನ ಅಜ್ಜಿ ಪ್ರತಿ ಸಲ ಏಳಲಾರಳು; ಅದಕ್ಕೇ ಒಂದು ತಿಂಗಳಲ್ಲಿ ಮಗಳು ಅದನ್ನು ಕಲಿತಿದ್ದಳು. ಮೊದಲು ಬಂದದ್ದು ಸಂಕಟ, ಇವಳಿಗೆ ನಾನು ಬೇಡವಾದೆನೇ ಎಂದು. ಆಮೇಲೆ ನಿಧಾನಕ್ಕೆ ಇನ್ನೊಂದು ಭಾವ ಮೇಲೆ ಬಂತು, ಅದಕ್ಕೆ ಹೆಸರಿಡಲಾರೆ. ರಾತ್ರಿ ಮಲಗುವ ಹೊತ್ತಿಗೆ ತಾನಾಗಿಯೇ ಬಂದು ನನ್ನ ಹೊಟ್ಟೆಯ ಮೇಲೆ ಕಾಲು ಹಾಕಿದಳು.

ಊರಿನಲ್ಲಿ ಈ ಪಾಠವನ್ನು ನಡೆಸುವುದು ಸುಲಭವಲ್ಲ. ಜೂನ್ ಬಂದರೆ ತಂದೆತಾಯಿಯರ ಮೊದಲ ಪ್ರಶ್ನೆ, “ಅ ಆ ಯಾವಾಗ ಬರೆಸುತ್ತೀರಿ ಟೀಚರ್?” ಪಕ್ಕದ ಊರಿನ ಕಾನ್ವೆಂಟಿನ ವ್ಯಾನು ಎಲ್‌ಕೆಜಿ ಮಕ್ಕಳನ್ನು ಟೈ ಸಮೇತ ಕರೆದೊಯ್ಯುವುದನ್ನು ಅವರು ದಿನಾ ನೋಡುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಅಕ್ಷರ ಸಿಗದೆ ಹೆಬ್ಬೆಟ್ಟು ಒತ್ತಿದ ಅಪ್ಪಂದಿರ ಮಕ್ಕಳು ಅವರು, ಅಕ್ಷರದ ಬಗ್ಗೆ ಅವರಿಗಿರುವ ಅವಸರ ಹಸಿವಿನಂಥದ್ದು. ಆದರೂ ಮೂರು ವರ್ಷದ ಮಗುವಿನ ಬೆರಳು ಹಿಡಿದು ಸ್ಲೇಟಿನ ಮೇಲೆ ತಿದ್ದಿಸಲು ನಾನು ಒಪ್ಪುವುದಿಲ್ಲ. ದೊಡ್ಡವರ ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳಿರುತ್ತವೆ. ಮೂರು ವರ್ಷದ ಮಗುವಿನ ಕೈಯ ಎಕ್ಸ್‌ರೇ ತೆಗೆದರೆ ಅವುಗಳಲ್ಲಿ ಕಾಣುವುದು ಮೂರೋ ನಾಲ್ಕೋ. ಉಳಿದವು ಇನ್ನೂ ಮೃದ್ವಸ್ಥಿ, ಗಟ್ಟಿಯಾಗಿಲ್ಲ. ತರಬೇತಿಯಲ್ಲಿ ತೋರಿಸಿದ ಆ ಚಿತ್ರವನ್ನು ನಾನು ಕೇಂದ್ರದ ಗೋಡೆಗೆ ಅಂಟಿಸಿಕೊಂಡಿದ್ದೇನೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಒಟ್ಟಾಗಿ ಗುಂಡಿ ಹಿಡಿಯುವುದು, ಅವರೆಕಾಳು ಹೆಕ್ಕುವುದು, ರಾಗಿ ಹಿಟ್ಟಿನ ಮುದ್ದೆಯಿಂದ ಹಾವು ಹೊಸೆಯುವುದು, ಇವೇ ಮುಂದೆ ಪೆನ್ಸಿಲ್ ಹಿಡಿಯುವ ಬೆರಳುಗಳ ತಾಲೀಮು. ನಮ್ಮ ಅಂಗನವಾಡಿಗಳ ಚಿಲಿಪಿಲಿ ಪಠ್ಯಕ್ರಮದಲ್ಲಿ ಆಟ, ಹಾಡು, ಕಥೆಗಳಿಗೆ ಅಷ್ಟು ಜಾಗವಿರುವುದು ಇದೇ ಕಾರಣಕ್ಕೆ.

ಮಾತಿನಲ್ಲಿ ಹೇಳಿದರೆ ಯಾರೂ ಒಪ್ಪಲಿಲ್ಲ. ಒಂದು ತಾಯಂದಿರ ಸಭೆಯಲ್ಲಿ ಎಲ್ಲರ ಬಲಗೈಗೂ ದಪ್ಪ ಟವೆಲ್ ಸುತ್ತಿ, ಗುಂಡಿಯ ಚೌಕಟ್ಟು ಕೊಟ್ಟೆ. ನಗುತ್ತ ಶುರುಮಾಡಿದರು. ಎರಡು ನಿಮಿಷ ಕಳೆಯುವಷ್ಟರಲ್ಲಿ ನಗು ನಿಂತು ಹುಬ್ಬು ಗಂಟಿಕ್ಕಿತು. ಒಬ್ಬಳ ಕೈ ನಡುಗುತ್ತಿದ್ದಾಗ ನಾನು ಬೇಕೆಂದೇ “ಬೇಗ, ಬೇಗ, ಹೊತ್ತಾಯಿತು, ಇಷ್ಟೂ ಬರುವುದಿಲ್ಲವೇ?” ಎಂದೆ. ಅವಳು ಚೌಕಟ್ಟನ್ನು ಕೆಳಗಿಟ್ಟು ನನ್ನನ್ನೇ ದಿಟ್ಟಿಸಿದಳು. “ದಿನಾ ಬೆಳಗ್ಗೆ ಮಗನಿಗೆ ನಾನು ಹೇಳುವ ಮಾತು ಇದು” ಎಂದಳು. ಅವಳ ಮಗ ಈಗ ಅಂಗಿಯ ಗುಂಡಿಗಳನ್ನು ತಾನೇ ಹಾಕಿಕೊಂಡು ಕೇಂದ್ರಕ್ಕೆ ಬರುತ್ತಾನೆ, ಒಂದೊಂದು ದಿನ ಹತ್ತೂಕಾಲಿಗೆ. ಹಾಜರಿಯಲ್ಲಿ ತಡವೆಂದು ನಾನು ಗುರುತು ಹಾಕುವುದಿಲ್ಲ.

ಈಚೆಗೆ ಈ ಕೆಲಸದ ಸುತ್ತ ಬಹಳ ಬದಲಾಗಿದೆ. ಹೊಸದಾಗಿ ಬರುವ ಹುಡುಗಿಯರು ಪಿಯುಸಿ, ಪದವಿ ಓದಿದವರು. ‘ಪೋಷಣ್ ಭಿ ಪಢಾಯಿ ಭಿ’ (ಪೋಷಣೆಯೂ ಕಲಿಕೆಯೂ) ಹೆಸರಿನಲ್ಲಿ 2023ರಿಂದ ಮೂರು ದಿನಗಳ ತರಬೇತಿ ನಡೆಯುತ್ತಿದೆ. ಹುಟ್ಟಿನಿಂದ ಮೂರು ವರ್ಷದವರೆಗೆ ನವಚೇತನ, ಮೂರರಿಂದ ಆರಕ್ಕೆ ಆಧಾರಶಿಲಾ ಎಂಬ ಎರಡು ಮಾರ್ಗದರ್ಶಿ ಚೌಕಟ್ಟುಗಳು 2024ರಲ್ಲಿ ಬಂದಿವೆ. ಆಟದ ಮೂಲಕವೇ ಕಲಿಕೆ ಎಂದು ಅವುಗಳಲ್ಲಿ ಸ್ಪಷ್ಟವಾಗಿ ಬರೆದಿದೆ, ಓದಿ ಸಂತೋಷಪಟ್ಟಿದ್ದೇನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಿಯುಸಿ ಓದಿದ ಕಾರ್ಯಕರ್ತೆಗೆ ಆರು ತಿಂಗಳ ಪ್ರಮಾಣಪತ್ರ, ಅದಕ್ಕಿಂತ ಕಡಿಮೆ ಓದಿದವಳಿಗೆ ಒಂದು ವರ್ಷದ ಡಿಪ್ಲೊಮಾ ಎಂದಿದೆ, ಅದೂ ಹೆಚ್ಚಾಗಿ ಟಿವಿ ಮತ್ತು ಮೊಬೈಲ್ ಮೂಲಕ, ತಿಂಗಳಿಗೆ ಒಮ್ಮೆಯಾದರೂ ಮುಖಾಮುಖಿ ತರಗತಿಯೊಂದಿಗೆ. ಅವಧಿ ಹೆಚ್ಚಿದ್ದು ಒಳ್ಳೆಯದು. ಆದರೆ ನನ್ನ ಕೆಂಪು ಶಾಯಿಯ ಸಾಲನ್ನು ಮೊಬೈಲಿನ ಪರದೆ ಹೊಡೆದುಹಾಕುತ್ತಿತ್ತೇ? ನಾನು ಗುಂಡಿ ಹಾಕಿದ್ದನ್ನು ಅದು ನೋಡುತ್ತಿತ್ತೇ? ಹೊಸಬಳು ಅನುಭವಸ್ಥೆಯ ಪಕ್ಕದಲ್ಲಿ ಕನಿಷ್ಠ ಒಂದು ತಿಂಗಳು ಕೂರಬೇಕು, ಮಕ್ಕಳ ನಡುವೆ, ನೋಡುವ ಕಣ್ಣೊಂದು ಅವಳನ್ನೂ ನೋಡುತ್ತಿರುವಾಗ. ಸೂಲಗಿತ್ತಿಯರೂ ಕುಂಬಾರರೂ ತಮ್ಮ ಕಸುಬನ್ನು ದಾಟಿಸಿದ್ದು ಹಾಗೆಯೇ.

ನಮ್ಮ ದುಡಿಮೆಗೆ ಕೊಡುವುದನ್ನು ಇಂದಿಗೂ ಗೌರವಧನ ಎನ್ನುತ್ತಾರೆ. 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್ ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಕೆಲಸ ಬಿಡುವಾಗ ಸಿಗುವ ಇಡಿಗಂಟಿನ 1972ರ ಗ್ರಾಚ್ಯುಟಿ ಕಾಯ್ದೆ ಅನ್ವಯಿಸುತ್ತದೆ ಎಂದು ತೀರ್ಪು ಕೊಟ್ಟ ಮರುದಿನ ನಾನು ನಮ್ಮ ಅತ್ತೆಗೆ ಪತ್ರಿಕೆ ಓದಿ ಹೇಳಿದೆ. ಅವರಿಗೆ ಆಗ ಕಿವಿ ಮಂದವಾಗಿತ್ತು, ಎರಡು ಸಲ ಓದಿಸಿಕೊಂಡರು. “ಹಾಗಾದರೆ ಇದು ಕಲಿತು ಮಾಡುವ ಕೆಲಸ ಎಂದು ಕೋರ್ಟಿಗೂ ಗೊತ್ತಾಯಿತು” ಎಂದರು. ಹತ್ತು ವರ್ಷದಲ್ಲಿ ಅವರು ನನ್ನ ಕೇಂದ್ರಕ್ಕೆ ಎಷ್ಟೋ ಸಲ ಬಂದು ಮೂಲೆಯಲ್ಲಿ ಕೂತು ಹೋಗಿದ್ದರು. ಏನನ್ನು ನೋಡುತ್ತಿದ್ದರೆಂದು ನನಗೆ ಅಂದು ತಿಳಿಯಿತು.

ಕಳೆದ ತಿಂಗಳು ಹೊಸದಾಗಿ ನೇಮಕವಾದ ಹುಡುಗಿಯೊಬ್ಬಳು ಎರಡು ದಿನ ನನ್ನ ಕೇಂದ್ರಕ್ಕೆ ಬಂದಿದ್ದಳು. ಬಿ.ಎ. ಓದಿದವಳು, ಚುರುಕು. ಮೊದಲ ದಿನ ಮಕ್ಕಳ ಹಾಜರಿ, ಫೋಟೊ, ಆಹಾರದ ಲೆಕ್ಕವನ್ನೆಲ್ಲ ನನಗಿಂತ ಬೇಗ ಮೊಬೈಲಿಗೆ ತುಂಬಿ ಮುಗಿಸಿದಳು. ಎರಡನೇ ದಿನ ಮೊಬೈಲನ್ನು ಕಪಾಟಿನಲ್ಲಿ ಇಡಿಸಿ, ನೋಟ್ ಪುಸ್ತಕ ಕೊಟ್ಟು, ಒಂದು ಮಗುವಿನ ಹತ್ತಿರ ಅರ್ಧ ಗಂಟೆ ಕೂರು ಎಂದೆ. “ಏನು ಬರೆಯಲಿ ಅಕ್ಕ?” ಎಂದಳು. ಕಂಡದ್ದು ಎಂದೆ. ಬಾಗಿಲ ಬಳಿ ನಾಲ್ಕು ವರ್ಷದ ಹುಡುಗಿಯೊಬ್ಬಳು ಚಪ್ಪಲಿಯ ಪಟ್ಟಿಯನ್ನು ಬಕಲಿಗೆ ಸಿಕ್ಕಿಸಲು ಕೂತಿದ್ದಳು. ಒಂದು ಸಲ, ಎರಡು ಸಲ, ಐದು ಸಲ. ಹೊಸಬಳ ಬಲಗೈ ಪುಸ್ತಕ ಬಿಟ್ಟು ಮುಂದಕ್ಕೆ ಹೋದದ್ದನ್ನು ನಾನು ಒಲೆಯ ಹತ್ತಿರದಿಂದ ಕಂಡೆ. ಬಾಯಿ ತೆರೆಯಬೇಕೆಂದಿದ್ದೆ. ಅಷ್ಟರಲ್ಲಿ ಅವಳೇ ಕೈಯನ್ನು ಹಿಂದೆಗೆದು, ತೊಡೆಯ ಕೆಳಗೆ ಇಟ್ಟು, ಅದರ ಮೇಲೆ ಕೂತಳು.